ನೀರು ಹುಯ್ಯುವವಳ ಬೈಗುಳ

ಹೋದ ತಿಂಗಳು ನಮ್ಮೂರಿನ ಕೂಸುಗಳಿಗೆಲ್ಲ ನೀರು ಹುಯ್ಯುವ ಮುದುಕಿ ಸತ್ತಳು. ಸುದ್ದಿ ತಂದ ಆಶಾ ಕಾರ್ಯಕರ್ತೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು, ನಾನೇನು ಮಾಡುತ್ತೇನೋ ಎಂದು. ನಾನು ಲಸಿಕೆಯ ಡಬ್ಬಿಗೆ ಐಸ್ ಪ್ಯಾಕ್ ಜೋಡಿಸುತ್ತಿದ್ದೆ. ಜೋಡಿಸಿ ಮುಗಿಸಿದೆ. ಅಳು ಬರಲಿಲ್ಲ. ಎಂಥ ಒಳ್ಳೆಯ ಜೀವ ಎಂದು ಊರೆಲ್ಲ ಹೇಳುತ್ತಿದೆ. ನಾನು ಹೇಳುವುದಿಲ್ಲ. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ, ಆಕೆಗೆ ನನ್ನನ್ನು ಕಂಡರೆ ಇನ್ನೂ ಆಗುತ್ತಿರಲಿಲ್ಲ. ಆದರೂ ಆಕೆಯ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ಈ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ ಇದೆ.

ನಾನು ಕನಕಪುರ ತಾಲ್ಲೂಕಿನಲ್ಲಿ, ಕೋಡಿಹಳ್ಳಿ ಕಡೆಯ ಒಂದು ಉಪಕೇಂದ್ರದ ನರ್ಸು. ನನ್ನ ಹುದ್ದೆಯ ಹೆಸರು ಈಗ ಬೋರ್ಡಿನಲ್ಲಿ ಹಿಡಿಸದಷ್ಟು ಉದ್ದವಾಗಿದೆ, ಊರವರಿಗೆ ಮಾತ್ರ ನಾನು ನರ್ಸಮ್ಮ. ನನ್ನ ತವರೂರೂ ಇದೇ ಉಪಕೇಂದ್ರಕ್ಕೆ ಸೇರಿದ್ದು. ಹಾಗಾಗಿ ಈ ಮುದುಕಿ ನನಗೆ ಕೆಲಸದಿಂದ ಗಂಟುಬಿದ್ದವಳಲ್ಲ, ಹುಟ್ಟಿನಿಂದಲೇ ಗಂಟುಬಿದ್ದವಳು. ನನಗೂ ಆಕೆಯೇ ನೀರು ಹುಯ್ದದ್ದು. ನಾನು ನರ್ಸಾಗಿ ಬಂದ ಮೊದಲ ವಾರವೇ ಡೇರಿ ಮುಂದೆ, ಹಾಲು ಹಾಕಲು ನಿಂತವರೆಲ್ಲರ ಎದುರಿಗೆ ಅದನ್ನು ಹೇಳಿದಳು. “ಇವ್ಳ ಅಂಡು ತೊಳ್ದು ಬೆಳ್ಸಿವ್ನಿ. ಈಗ ಬಂದವ್ಳೆ, ನಂಗೇ ಮಗೀನ ಎಂಗೆ ಹಿಡ್ಕಬೇಕು ಅಂತ ಯೋಳ್ಕೊಡಕ್ಕೆ.”

ಬಾಣಂತಿ ಇರುವ ಮನೆಗೆ ಬೆಳಿಗ್ಗೆ ಒಂಬತ್ತಕ್ಕೆ ಬರುವಳು. ಹಿಂದೆಯೇ ಆಕೆಯ ಮಗಳು ಬಿಂದಿಗೆ ಹಿಡಿದು ಬರುತ್ತಿದ್ದಳು. ಮುದುಕಿ ಬಚ್ಚಲ ಕಲ್ಲಿನ ಮೇಲೆ ಕೂತು, ಸೀರೆಯನ್ನು ತೊಡೆಯವರೆಗೆ ಸರಿಸಿ, ಎರಡೂ ಕಾಲು ನೀಡುವಳು. ಎಷ್ಟೋ ವರ್ಷ ಹರಳೆಣ್ಣೆ ಕುಡಿದ ಆ ಕಾಲುಗಳು ಹಳೆಯ ಮಣೆಯ ಹಾಗೆ ಮಿರುಗುತ್ತಿದ್ದವು. ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುವಳು. ದವಡೆಯಲ್ಲಿದ್ದ ಹೊಗೆಸೊಪ್ಪಿನ ಕಡ್ಡಿಪುಡಿಯನ್ನು ಆ ಕಡೆಯಿಂದ ಈ ಕಡೆಗೆ ಹಾಕುವಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡ ಮೇಲೆ ದೊಡ್ಡವರ ಜೊತೆ ಮಾತಿಲ್ಲ. ಹೇಳುವುದೆಲ್ಲವನ್ನೂ ಮಗುವಿಗೇ ಹೇಳುವಳು. “ನಿಮ್ಮವ್ವಂಗೆ ಯೋಳ್ಲಾ, ಬೆಳ್ಳುಳ್ಳಿ ತಿನ್ನು ಅಂತ. ನಿಮ್ಮಜ್ಜಿಗೆ ಯೋಳು, ಸೌದೆ ಹಸಿ ಐತೆ, ನೀರು ಕಾದಿಲ್ಲ ಅಂತ. ನಿಮ್ಮಪ್ಪಂಗೆ ಯೋಳು, ಇನ್ನ ಮೂರ್ ತಿಂಗ್ಳು ಈ ಕಡೆ ಮಕ ಹಾಕ್ಬೇಡ ಅಂತ.” ಹೆಣ್ಣಾಗಲಿ ಗಂಡಾಗಲಿ, ಎಲ್ಲ ಕೂಸುಗಳೂ ಆಕೆಗೆ ‘ಕಳ್ಳ ನನ್ಮಗ’. ಎದುರಿಗಿದ್ದ ನಮಗೆ ಉತ್ತರ ಕೊಡಲೂ ಆಗದು, ಸುಮ್ಮನಿರಲೂ ಆಗದು. ಊರು ಇದನ್ನು ತಮಾಷೆ ಎಂದುಕೊಂಡಿತ್ತು. ನನಗೆ ಅದು ಬರೀ ಕೊಬ್ಬು ಅನ್ನಿಸುತ್ತಿತ್ತು.

ನಮ್ಮಿಬ್ಬರ ಜಗಳ ಬಟ್ಟೆಯದು. ನೀರು ಹುಯ್ದಾದ ಮೇಲೆ ಸಾಂಬ್ರಾಣಿ ಹೊಗೆ ಕೊಟ್ಟು, ಮಗುವಿನ ಎರಡೂ ಕಾಲನ್ನು ನೆಟ್ಟಗೆ ಎಳೆದು ಜೋಡಿಸಿ, ಹಳೆಯ ಪಂಚೆಯಲ್ಲಿ ಬಿಗಿದು ಸುತ್ತುವಳು. ಬಿದಿರಿನ ಚಂದ್ರಿಕೆ ತಟ್ಟೆಯ ಮೇಲಿನ ರೇಷ್ಮೆಗೂಡಿನ ಹಾಗೆ ಆ ಕೂಸು ಮಿಸುಕಾಡದೆ ಮಲಗುತ್ತಿತ್ತು. ಹಾಗೆ ಕಟ್ಟದಿದ್ದರೆ ಕಾಲು ಸೊಟ್ಟಗಾಗುತ್ತದೆ ಎಂಬುದು ಆಕೆಯ ಶಾಸ್ತ್ರ. ಹಾಗೆ ಕಟ್ಟುವುದರಿಂದಲೇ ಸೊಂಟದ ಕೀಲು ಜಾರುವ ಅಪಾಯ ಹೆಚ್ಚು ಎಂಬುದು ನನ್ನ ಪಾಠ. ಎಳೆಮಗುವಿನ ತೊಡೆಮೂಳೆಯ ಗುಂಡು ಇನ್ನೂ ಮೆತ್ತಗಿರುತ್ತದೆ, ಅದು ಕೂರುವ ಗುಳಿಯೂ ಆಳವಾಗಿರುವುದಿಲ್ಲ. ಕಾಲು ಕಪ್ಪೆಯ ಕಾಲಿನ ಹಾಗೆ ಮಡಚಿ ಅಗಲವಾಗಿದ್ದರೆ ಗುಂಡು ಗುಳಿಯಲ್ಲೇ ಕೂತು ಎರಡೂ ಸರಿಯಾಗಿ ಬೆಳೆಯುತ್ತವೆ. ಇದನ್ನು ಮನೆಮನೆಯಲ್ಲಿ ಹೇಳಿದೆ. ಬಾಣಂತಿಯರು ತಲೆಯಾಡಿಸುತ್ತಿದ್ದರು. ನನ್ನ ಸ್ಕೂಟಿಯ ಸದ್ದು ಕೇಳಿದರೆ ಬಟ್ಟೆ ಸಡಿಲಿಸುವರು, ಅದು ತಿರುವಿನಲ್ಲಿ ಮರೆಯಾದರೆ ಮತ್ತೆ ಬಿಗಿಯುವರು. ಇದೂ ಆಕೆಯೇ ಕಲಿಸಿಕೊಟ್ಟ ಉಪಾಯ ಎಂದು ನನಗೆ ಆಮೇಲೆ ಗೊತ್ತಾಯಿತು.

ಪಾಠ ಎಂದೆನಲ್ಲ, ಆ ಪಾಠದ ಕಥೆಯನ್ನೂ ಹೇಳಬೇಕು. ರಾಮನಗರದಲ್ಲಿ ಒಂದು ದಿನದ ತರಬೇತಿ ಇತ್ತು. ಕೂಸಿನ ಮೊಣಕಾಲು ಮಡಚಿ, ತೊಡೆಗಳನ್ನು ನಿಧಾನವಾಗಿ ಅಗಲಿಸಿ, ಎರಡೂ ಕಡೆ ಸಮವಾಗಿ ಬಿಚ್ಚಿಕೊಳ್ಳುತ್ತವೆಯೇ ನೋಡಬೇಕು ಎಂದು ಡಾಕ್ಟರು ವಿವರಿಸಿದರು. ಅದಕ್ಕೆಂದು ತರಬೇಕಿದ್ದ ಗೊಂಬೆಯನ್ನು ಮರೆತು ಬಂದಿದ್ದರು. ಮೇಜಿನ ಮೇಲೆ ಅಲಂಕಾರಕ್ಕೆ ಇಟ್ಟಿದ್ದ ಚನ್ನಪಟ್ಟಣದ ಗೊಂಬೆಯನ್ನೇ ಎತ್ತಿಕೊಂಡು ತೋರಿಸಿದರು. ಕಡೆದು ಬಣ್ಣ ಹಾಕಿದ ಆ ಗೊಂಬೆಗೆ ಕಾಲೇ ಇರಲಿಲ್ಲ. ನಾವೆಲ್ಲ ನಕ್ಕೆವು, ಬರೆದುಕೊಂಡೆವು, ಪ್ರಮಾಣಪತ್ರ ತೆಗೆದುಕೊಂಡು ಊಟ ಮಾಡಿ ಬಸ್ಸು ಹತ್ತಿದೆವು. ಅಂದಿನಿಂದ ನಾನು ಎಷ್ಟೋ ಮಕ್ಕಳ ತಪಾಸಣೆ ನಮೂನೆಯಲ್ಲಿ ‘ಸೊಂಟದ ಕೀಲು: ಸರಿ ಇದೆ’ ಎಂದು ಬರೆದಿದ್ದೇನೆ.

ಆಮೇಲೆ ನಾನೇ ಬಾಣಂತಿಯಾದೆ. ಮೊದಲನೆಯದು, ಹೆಣ್ಣು, ಹೊಟ್ಟೆಯಲ್ಲಿ ಅಂಡು ಕೆಳಗಾಗಿ ಕೂತಿದ್ದ ಮಗು. ಆಪರೇಷನ್ ಮಾಡಿ ತೆಗೆದರು. ಇಂಥ ಮಕ್ಕಳಲ್ಲೇ ಸೊಂಟದ ತೊಂದರೆ ಹೆಚ್ಚು, ಆರು ವಾರಕ್ಕೆ ಸ್ಕ್ಯಾನ್ ಮಾಡಿಸಿ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದುಕೊಟ್ಟರು. ಆ ಸಾಲನ್ನು ನಾನು ಇತರರಿಗೆ ಓದಿ ಹೇಳುವವಳು. ನನಗೇ ಯಾರೋ ಹೇಳಿದ್ದು ಹಿಡಿಸಲಿಲ್ಲ. ಗಂಡನಿಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು, ರಜೆ ಸಿಗಲಿಲ್ಲ, ಹೊಲಿಗೆ ಇನ್ನೂ ನೋಯುತ್ತಿತ್ತು, ಇವೆಲ್ಲ ನೆಪಗಳೂ ಇದ್ದವು. ನಾನೇ ನೋಡಿದ್ದೇನಲ್ಲ ಅಂದುಕೊಂಡೆ. ನನ್ನ ಮಗಳ ನಮೂನೆಯಲ್ಲೂ ನನ್ನದೇ ಕೈಬರಹದಲ್ಲಿ ‘ಸರಿ ಇದೆ’ ಎಂದು ಬರೆದೆ.

ನೀರು ಹುಯ್ಯಲು ಆ ಮುದುಕಿಯೇ ಬರಬೇಕು ಎಂದು ಅಮ್ಮ ಹಠ ಹಿಡಿದಳು. ಎರಡು ಷರತ್ತು ಹಾಕಿ ಒಪ್ಪಿದೆ. ಕಾಲು ಎಳೆಯಬಾರದು, ಬಟ್ಟೆ ಸುತ್ತಬಾರದು. ಮುದುಕಿ ಮಗುವಿಗೆ ಹೇಳಿದಳು, “ನಿಮ್ಮವ್ವ ರೂಲ್ಸ್ ಮಾಡವ್ಳೆ ಕಣ್ಲಾ, ಕೇಳ್ಕೊ.” ಆದರೆ ಷರತ್ತು ಮುರಿಯಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ದಿನವೂ ಗೊಣಗಿಕೊಂಡೇ ಎಣ್ಣೆ ತಿಕ್ಕಿ, ನೀರು ಹುಯ್ದು, ಬಟ್ಟೆ ಸುತ್ತದೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋಗುತ್ತಿದ್ದಳು.

ಆಕೆಯ ಮಗಳ ಬಗ್ಗೆ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಆಗ ಅವಳಿಗೆ ನಲವತ್ತರ ಹತ್ತಿರ. ಎಡಗಾಲು ಗಿಡ್ಡ. ಹೆಜ್ಜೆ ಇಟ್ಟಾಗಲೆಲ್ಲ ಇಡೀ ಮೈ ಎಡಕ್ಕೆ ವಾಲಿ ಮೇಲಕ್ಕೇಳುತ್ತಿತ್ತು. ಬಿಂದಿಗೆಯ ನೀರು ಒಸಿ ಒಸಿ ಚೆಲ್ಲಿ, ನಮ್ಮ ಹಿತ್ತಲಲ್ಲಿ ಅವಳು ನಡೆದ ದಾರಿ ಒದ್ದೆಯಾಗಿರುತ್ತಿತ್ತು. ಹುಟ್ಟುಕುಂಟಿ ಎಂದು ಯಾರೂ ಮದುವೆಯಾಗಿರಲಿಲ್ಲ. ಊರು ಅವಳನ್ನು ಕರೆಯುತ್ತಿದ್ದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳು ಯಾರಿಗೂ ಎದುರಾಡಿದವಳಲ್ಲ.

ಮಗುವಿಗೆ ಎರಡೂವರೆ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎಣ್ಣೆ ತಿಕ್ಕುತ್ತಿದ್ದ ಮುದುಕಿಯ ಕೈ ನಿಂತಿತು. ಮಗುವಿನ ಎರಡೂ ಮೊಣಕಾಲು ಮಡಚಿ ತೊಡೆ ಅಗಲಿಸಿದಳು. ಬಿಟ್ಟಳು. ಮತ್ತೆ ಅಗಲಿಸಿದಳು. ಆಮೇಲೆ ಎಂದಿನ ಹಾಗೆ ಮಗುವಿಗೇ ಹೇಳಿದಳು, “ನಿಮ್ಮವ್ವ ನರ್ಸಂತೆ. ನಿನ್ ಎಡಗಾಲು ಬಿಚ್ಕತಾ ಇಲ್ಲ, ಅದು ಗೊತ್ತಾ ಅಂತ ಕೇಳ್ಲಾ ಕಳ್ಳ ನನ್ಮಗ್ನೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆ ಜಗಳದಲ್ಲಿ ಸೋತವಳು ಹೀಗೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನಾಳೆ ಡೇರಿ ಮುಂದೆ ನರ್ಸಮ್ಮನ ಮಗು ಕುಂಟು ಎಂದು ಸಾರುತ್ತಾಳೆ ಅಂದುಕೊಂಡೆ. ಎದ್ದು ಬಚ್ಚಲಿಗೆ ಹೋಗಿ ಕಿರುಚಿದೆ. “ನಿನ್ನ ಮಗಳ ಕಾಲು ಕಟ್ಟಿ ಕಟ್ಟಿ ಕುಂಟಿ ಮಾಡ್ದೆ. ಸಾಲ್ದು ಅಂತ ನನ್ ಮಗೀನೂ ಮಾಡಕ್ ಬಂದಿದ್ದೀಯ?”

ಮುದುಕಿಯ ಮಗಳು ಆಗ ಹಿತ್ತಲಿಗೆ ನೀರು ತರಲು ಹೋಗಿದ್ದಳು. ಹೋಗಿದ್ದಳು ಎಂದೇ ನಾನು ಎಷ್ಟೋ ವರ್ಷ ನಂಬಿದ್ದೆ. ಬಾಯಿಯ ತುಂಬ ಬೈಗುಳ ಇದ್ದ ಹೆಂಗಸು ಒಂದು ಮಾತೂ ಆಡದೆ ಮಗುವಿನ ಮೈ ಒರೆಸಿ, ಅಮ್ಮನ ಕೈಗೆ ಕೊಟ್ಟು, ಒದ್ದೆ ಸೀರೆಯಲ್ಲೇ ಹೊರಟುಹೋದಳು. ಎಣ್ಣೆ ಬಟ್ಟಲು ಬಚ್ಚಲಲ್ಲೇ ಉಳಿಯಿತು. ಅದನ್ನು ತೆಗೆದುಕೊಳ್ಳಲೂ ಮತ್ತೆ ಬರಲಿಲ್ಲ.

ಅವರು ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿ ಮಗುವಿನ ಕಾಲು ಅಗಲಿಸಿ ನೋಡಿದೆ. ಬಲಗಾಲು ಚಾಪೆಯವರೆಗೂ ಹೋಯಿತು. ಎಡಗಾಲು ಅರ್ಧಕ್ಕೆ ನಿಂತಿತು. ಮಗು ಅಳುತ್ತಿತ್ತು. ಅಳುವ ಮಗು ಕಾಲನ್ನು ಬಿಗಿ ಹಿಡಿಯುತ್ತದೆ ಎಂದು ತರಬೇತಿಯಲ್ಲಿ ಬರೆದುಕೊಂಡಿದ್ದು ಚೆನ್ನಾಗಿ ನೆನಪಿತ್ತು. ಅದೇ ಸಾಕಾಯಿತು ನನಗೆ. ಮಲಗಿದಾಗ ಮತ್ತೆ ನೋಡೋಣ ಅಂದುಕೊಂಡೆ, ನೋಡಲಿಲ್ಲ. ಡೇರಿಯಲ್ಲಿ ಸಿಕ್ಕಿದಾಗ ಮುದುಕಿ ಎರಡು ಸಲ ಅಮ್ಮನನ್ನು ಕೇಳಿದಳಂತೆ, ಕಾಲು ಡಾಕ್ಟರಿಗೆ ತೋರಿಸಿದಿರಾ ಎಂದು. ಅವಳ ಜೊತೆ ಮಾತು ಬಿಡು ಎಂದು ನಾನು ಅಮ್ಮನಿಗೆ ಗದರಿದೆ.

ಅವತ್ತೇ ಹೋಗಿದ್ದರೆ ಏನಾಗುತ್ತಿತ್ತು ಎಂಬುದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಭುಜದಿಂದ ಪಾದದವರೆಗೆ ಮೆತ್ತನೆಯ ಪಟ್ಟಿಗಳ ಒಂದು ಕಟ್ಟು ಹಾಕುತ್ತಾರೆ. ಮಗು ಕಪ್ಪೆಯ ಹಾಗೆ ಕಾಲು ಮಡಚಿಕೊಂಡು ಕೆಲವು ವಾರ ಇರುತ್ತದೆ, ಹಾಲು ಕುಡಿಯುತ್ತದೆ, ನಗುತ್ತದೆ, ಕೀಲು ತಾನಾಗಿ ಕೂರುತ್ತದೆ. ಎಷ್ಟು ಎಳೆಯದಿದ್ದರೆ ಅಷ್ಟು ಸುಲಭ. ಈ ಮಾತನ್ನು ನಾನು ಈಗಲೂ ತಾಯಂದಿರಿಗೆ ಹೇಳುತ್ತೇನೆ, ಹೇಳುವಾಗ ಅವರ ಮುಖ ನೋಡುವುದಿಲ್ಲ.

ಹದಿನಾಲ್ಕನೇ ತಿಂಗಳಿಗೆ ನನ್ನ ಮಗಳು ಗೋಡೆ ಬಿಟ್ಟು ನಡೆದಳು. ಅಮ್ಮ ಚಪ್ಪಾಳೆ ತಟ್ಟಿ ಕರೆಯುತ್ತಿದ್ದಳು. ಒಂದು ಹೆಜ್ಜೆ, ಎರಡು, ಮೂರು. ಮೂರನೆಯದಕ್ಕೆ ಅಮ್ಮನ ಚಪ್ಪಾಳೆ ನಿಂತಿತು. ಆ ನಡಿಗೆ ನಮ್ಮಿಬ್ಬರಿಗೂ ಗೊತ್ತಿತ್ತು. ಬಿಂದಿಗೆ ಹೊತ್ತು ನಮ್ಮ ಹಿತ್ತಲಲ್ಲಿ ಓಡಾಡಿದ ಹೆಂಗಸಿನ ನಡಿಗೆ ಅದು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇಯಲ್ಲಿ ಎಡಗಡೆಯ ಗುಂಡು ಗುಳಿಯಿಂದ ಪೂರ್ತಿ ಹೊರಗೆ, ಮೇಲಕ್ಕೆ ಹೋಗಿ ಕೂತಿತ್ತು. ಡಾಕ್ಟರು ಒಳ್ಳೆಯವರು, ಗದರಲಿಲ್ಲ. ಮುಂಚೆ ಯಾರೂ ಗಮನಿಸಲಿಲ್ಲವೇ ಎಂದಷ್ಟೇ ಕೇಳಿದರು. “ಇಲ್ಲ ಸರ್” ಎಂದೆ. ಪಕ್ಕದಲ್ಲಿ ಅಮ್ಮ ಇದ್ದಳು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಪರೇಷನ್ ಆಯಿತು. ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಆಗತಾನೇ ನಡೆಯಲು ಕಲಿತ ಮಗುವನ್ನು ಮೂರು ತಿಂಗಳು ಕಲ್ಲಿನಂಥ ಆ ಕವಚದಲ್ಲಿ ಮಲಗಿಸಿದೆವು. ಬೇಸಿಗೆ. ಒಳಗೆ ನವೆಯಾದರೆ ಕೆರೆಯಲು ಬೆರಳು ಹೋಗುತ್ತಿರಲಿಲ್ಲ, ಅದು ಅತ್ತೂ ಅತ್ತೂ ಗಂಟಲು ಕಟ್ಟುತ್ತಿತ್ತು. ನಾನು ಸತ್ತುಹೋಗಬೇಕು ಅನ್ನಿಸಿದ್ದು ಆಗ.

ಊರೆಲ್ಲ ನೋಡಲು ಬಂದಿತು. ಮುದುಕಿ ಬರಲಿಲ್ಲ. ಬಂದು “ಯೋಳಿರ್ನಿಲ್ವಾ?” ಎಂದು ಒಂದು ಮಾತು ಅಂದಿದ್ದರೆ ನನಗೆ ಅವಳ ಮೇಲೆ ರೇಗಿ ಹಗುರಾಗುವ ಅವಕಾಶವಾದರೂ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ.

ಮಾರನೇ ವರ್ಷ ಪಕ್ಕದ ಬೀದಿಯ ಒಬ್ಬ ಬಾಣಂತಿ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಉಪಕೇಂದ್ರಕ್ಕೆ ಬಂದಳು. ಏನು ಎಂದರೆ ಹೇಳಲು ಸಂಕೋಚ. ಬಲವಂತ ಮಾಡಿದ ಮೇಲೆ ಒಪ್ಪಿಸಿದಳು. “ನೀರ್ ಹುಯ್ಯೋ ಅಜ್ಜಿ ಕಳ್ಸುದ್ರು. ‘ಆ ನರ್ಸಮ್ಮನತ್ರ ಹೋಗು. ಅವ್ಳಿಗೆ ಓದಕ್ ಬತ್ತದೆ, ಮುಟ್ಟಿ ನೋಡಕ್ ಬರಾಕಿಲ್ಲ. ನಾನ್ ಮುಟ್ಟಿ ಆಗೈತೆ, ಅವ್ಳು ಬರ್ದು ಕೊಡ್ಲಿ’ ಅಂದ್ರು. ತಪ್ಪು ತಿಳ್ಕಬೇಡಿ ಅಕ್ಕ.”

ಕೂಸಿಗೆ ಹಾಲು ಕುಡಿಸಿ, ಅದು ಮಲಗುವವರೆಗೆ ಕಾದು, ಮೊಣಕಾಲು ಮಡಚಿ ಅಗಲಿಸಿದೆ. ಒಂದು ಕಡೆ ನಿಂತಿತು. ಅವತ್ತೇ ಚೀಟಿ ಬರೆದು, ನಾನೇ ಜೊತೆಗೆ ಹೋದೆ. ಸ್ಕ್ಯಾನ್ ಆಯಿತು, ಪಟ್ಟಿ ಕಟ್ಟಿದರು. ಆ ಹುಡುಗ ಈಗ ಅಂಗನವಾಡಿಯ ಕಾಂಪೌಂಡು ಹಾರುತ್ತಾನೆ.

ಕೃತಜ್ಞತೆ ಹೇಳಬೇಕೆಂದು ಆಕೆಯ ಮನೆಗೆ ಹೋದೆ. ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂತ್ಕೊ ಅನ್ನಲಿಲ್ಲ. ನಿಂತೇ ಕೇಳಿದೆ, ನಿಮಗೆ ಅದು ಹೇಗೆ ಗೊತ್ತಾಗುತ್ತದೆ ಎಂದು. ಸುಲಿಯುತ್ತಲೇ ಇದ್ದಳು. ಅಲ್ಲಿ ಮಾತಾಡಿಸಲು ಯಾವ ಕೂಸೂ ಇರಲಿಲ್ಲ. ನನಗೆ ಬುದ್ಧಿ ಬಂದ ಮೇಲೆ ಮೊದಲ ಸಲ ನೇರವಾಗಿ ನನಗೇ ಹೇಳಿದಳು.

“ನನ್ ಮಗಳ ಕಾಲು ಹಂಗೇ ಇತ್ತು. ನನ್ ಕೈಗೆ ಗೊತ್ತಾಗಿತ್ತು, ಏನು ಅಂತ ಗೊತ್ತಿರ್ನಿಲ್ಲ. ನಂಗ್ಯಾರೂ ಯೋಳ್ನಿಲ್ಲ. ನಿಂಗೆ ನಾನು ಯೋಳ್ದೆ.” ಆಮೇಲೆ ಕಡ್ಡಿಪುಡಿ ಉಗಿದು, “ಹೊಂಟೋಗು” ಎಂದಳು.

ಹೊರಟುಬಂದೆ. ಅಲ್ಲಿಂದಾಚೆಗೆ ನಮ್ಮಿಬ್ಬರ ನಡುವೆ ಮಾತಿಲ್ಲ. ಆದರೆ ಕೂಸುಗಳು ಬರುತ್ತಿದ್ದವು. ಆ ಹುಡುಗನೂ ಸೇರಿ ಆಕೆ ಸಾಯುವವರೆಗೆ ಕಳಿಸಿದ್ದು ಒಟ್ಟು ಐದು. ಎರಡಕ್ಕೆ ಏನೂ ಇರಲಿಲ್ಲ, ಮೂರಕ್ಕೆ ಇತ್ತು. ಪ್ರತಿ ಸಲವೂ ತಾಯಿಯ ಬಾಯಲ್ಲಿ ಅದೇ ಮಾತು ಬರುತ್ತಿತ್ತು, ಓದಕ್ ಬತ್ತದೆ, ಮುಟ್ಟಿ ನೋಡಕ್ ಬರಾಕಿಲ್ಲ. ಬೇರೆಯವರು ಕಳಿಸುವಾಗ ಒಂದು ಚೀಟಿ ಕೊಡುತ್ತಾರೆ, ಆಕೆ ಈ ಬೈಗುಳ ಕೊಟ್ಟು ಕಳಿಸುತ್ತಿದ್ದಳು. ಕೇಳಿದಾಗಲೆಲ್ಲ ಕಿವಿ ಕಾಯುತ್ತಿತ್ತು. ಆದರೂ ಕೂಸನ್ನು ಎತ್ತಿಕೊಂಡು, ಮಲಗಿಸಿ, ಎರಡು ಸಲ ಅಲ್ಲ, ನಾಲ್ಕು ಸಲ ನೋಡುತ್ತಿದ್ದೆ.

ಇಷ್ಟಾದರೂ ಬಟ್ಟೆ ಬಿಗಿಯುವುದನ್ನು ಬಿಟ್ಟಳೇ? ಇಲ್ಲ. ಕೊನೆಯ ಕೂಸಿಗೂ ಕಾಲು ನೆಟ್ಟಗೆ ಎಳೆದೇ ಕಟ್ಟಿದಳು. ಬಟ್ಟೆ ಹೇಗೆ ಸುತ್ತಬೇಕೆಂದು ನಾನು ಕಳಿಸಿದ ಚಿತ್ರದ ಹಾಳೆಯಲ್ಲಿ ಕಡ್ಡಿಪುಡಿ ಕಟ್ಟಿಕೊಂಡಳು. ಆಕೆಯ ಕೈ ಪತ್ತೆಹಚ್ಚಿಕೊಟ್ಟ ಮೂರು ಮಕ್ಕಳನ್ನು ನಾನು ಎಣಿಸಬಲ್ಲೆ. ಆಕೆಯ ಪಂಚೆ ಕೆಡಿಸಿದ ಮಕ್ಕಳು ಇದ್ದಾರೋ ಇಲ್ಲವೋ, ಎಷ್ಟಿದ್ದಾರೋ ನನಗೆ ಗೊತ್ತಿಲ್ಲ. ಆಕೆಯ ಮಗಳ ಕಾಲು ಹುಟ್ಟಿನಿಂದ ಹಾಗಿತ್ತೋ ಬಟ್ಟೆಯಿಂದ ಇನ್ನಷ್ಟು ಕೆಟ್ಟಿತೋ, ಅದೂ ಗೊತ್ತಿಲ್ಲ. ಇದಕ್ಕಾಗಿ ಇವತ್ತಿಗೂ ನನಗೆ ಆಕೆಯ ಮೇಲೆ ಸಿಟ್ಟಿದೆ. ಸತ್ತಳೆಂದು ಆ ಸಿಟ್ಟನ್ನು ಬಿಟ್ಟುಕೊಡಲಾರೆ.

ಸಾವಿನ ಸುದ್ದಿ ಬಂದ ದಿನ ಲಸಿಕೆ ಮುಗಿಸಿ ಮಧ್ಯಾಹ್ನ ಆಕೆಯ ಮನೆಗೆ ಹೋದೆ. ನನ್ನ ಮಗಳು ಜೊತೆಗೆ ಬರುತ್ತೇನೆಂದು ಹಠ ಮಾಡಿದಳು. ಅವಳಿಗೆ ಈಗ ಏಳು ವರ್ಷ. ಓಡುತ್ತಾಳೆ, ಕುಂಟೆಬಿಲ್ಲೆ ಆಡುತ್ತಾಳೆ. ಸೊಂಟದ ಪಕ್ಕ ಉದ್ದ ಗಾಯದ ಗುರುತಿದೆ, ದಣಿದಾಗ ಮಾತ್ರ ಎಡಕ್ಕೆ ಒಂದಿಷ್ಟು ವಾಲುತ್ತಾಳೆ. ಮುದುಕಿಯನ್ನು ಅಂಗಳದಲ್ಲಿ ಮಲಗಿಸಿದ್ದರು. ಎರಡೂ ಕಾಲನ್ನು ನೆಟ್ಟಗೆ ಜೋಡಿಸಿ, ಹೆಬ್ಬೆರಳುಗಳನ್ನು ಬಿಳಿ ಬಟ್ಟೆಯ ಚೂರಿನಿಂದ ಬಿಗಿದಿದ್ದರು. ನೋಡಿದೊಡನೆ ನನಗೆ ಬಂದದ್ದು ಹಳೆಯ ಜಗಳದ ಮಾತೇ, ಸಡಿಲ ಮಾಡಿ ಎಂದು. ನಾಲಿಗೆ ಕಚ್ಚಿಕೊಂಡೆ.

ಆಕೆಯ ಮಗಳು ತಲೆಯ ಹತ್ತಿರ ಕೂತಿದ್ದಳು. ನನ್ನ ಮಗಳು ನಡೆದು ಬರುವುದನ್ನು ಬಾಗಿಲಿನಿಂದ ಅಂಗಳದವರೆಗೂ ನೋಡಿದಳು, ಮುಖವನ್ನಲ್ಲ, ಕಾಲನ್ನು. ನಾನು ಪಕ್ಕದಲ್ಲಿ ಕೂತೆ. ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

“ಅವತ್ತು ನೀವಂದಿದ್ದು ಅವ್ವ ನಂಗೆ ಯೋಳ್ನಿಲ್ಲ ಅಕ್ಕ. ನಾನೇ ಬಚ್ಚಲ ಬಾಗ್ಲ ಹಿಂದೆ ಬಿಂದಿಗೆ ಹಿಡ್ಕಂಡು ನಿಂತಿದ್ದೆ.”

ಏನೋ ಹೇಳಲು ಹೋದೆ, ಅವಳು ಕೈಯಾಡಿಸಿದಳು.

“ದಾರೀಲಿ ಅವ್ವಂಗೆ ಶ್ಯಾನೆ ಸಿಟ್ಟು. ಹಂಗಂದೋಳಿಗೆ ಒಂದು ಶಾಪ ಹಾಕವ್ವ ಅಂತ ನಾನೇ ಅಂದೆ. ಒಸಿ ದೂರ ನಡುದ್ಲು. ಆಮೇಲೆ ನಿಂತ್ಕಂಡು ಅಂದ್ಲು, ‘ಏನಂತ ಹಾಕ್ಲಿ? ಅವ್ಳ ಮಗು ಕುಂಟ್ಲಿ ಅಂತ ಹಾಕವ ಅಂದ್ರೆ, ಅದು ಆಗ್ಲೇ ಕುಂಟ್ತದಲ್ಲ’ ಅಂತ.”

ಅವಳ ಸೀರೆಯ ಅಂಚಿನಿಂದ ಹೊರಗೆ ಚಾಚಿದ್ದ ಎಡಗಾಲನ್ನು ನೋಡುತ್ತಾ ಕೂತೆ. ಎಷ್ಟೋ ವರ್ಷ ನಮ್ಮ ಹಿತ್ತಲಿಗೆ ನೀರು ಹೊತ್ತ ಕಾಲು. ಅದನ್ನು ನಾನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.